ತೂಕಡಿಕೆಯ ದೇವಶಾಸ್ತ್ರ

ಭಾನುವಾರದ ಆರಾಧನೆಯಲ್ಲಿ ಕಣ್ಣು ಮುಚ್ಚಿ ಕೂತವರೆಲ್ಲ ಪ್ರಾರ್ಥನೆಯಲ್ಲಿದ್ದಾರೆ ಎಂದು ನಂಬುವುದು ಕ್ರೈಸ್ತ ಸೌಜನ್ಯ. ನನ್ನ ಹೆಂಡತಿಗೆ ಅದಿಲ್ಲ. ಅಯ್ಯನವರು ಪ್ರಸಂಗದ ಮೊದಲನೆಯ ಅಂಶ ಮುಗಿಸಿ ಎರಡನೆಯದಕ್ಕೆ ದಾಟುವ ಹೊತ್ತಿಗೆ ಅವಳ ಮೊಣಕೈ ನನ್ನ ಪಕ್ಕೆಲುಬಿಗೆ ತಾಗುತ್ತದೆ. ಆಮೇಲೆ ನಿದ್ದೆಯೂ ಬಾರದು, ಪ್ರಸಂಗವೂ ತಲೆಗೆ ಹತ್ತದು. ಸುಮ್ಮನೆ ಸತ್ಯವೇದ ತಿರುವುತ್ತೇನೆ. ನಾನು ಅದನ್ನು ಓದಿಕೊಂಡಿರುವುದೆಲ್ಲ ಹೆಚ್ಚಾಗಿ ಹೀಗೆ, ಮೊಣಕೈಗೂ ಕಾಣಿಕೆ ಚೀಲಕ್ಕೂ ನಡುವೆ.

ಹೀಗೆ ಓದುವವನಿಗೆ ಅಲ್ಲಿ ಮಲಗಿದವರೇ ಕಣ್ಣಿಗೆ ಬೀಳುತ್ತಾರೆ. ಆದಾಮನಿಗೆ ಗಾಢನಿದ್ದೆ ಬರಿಸಿಯೇ ದೇವರು ಅವನ ಪಕ್ಕೆಲುಬು ತೆಗೆದು ಹವ್ವಳನ್ನು ಮಾಡಿದ್ದು. ಆ ಪಕ್ಕೆಲುಬಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲವೆಂದು ನನಗೆ ವಾರವಾರವೂ ಮನವರಿಕೆಯಾಗುತ್ತದೆ. ಯಾಕೋಬನಿಗೆ ಪರಲೋಕದ ಏಣಿ ಕಂಡದ್ದು ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗಿದಾಗ. ನಮ್ಮ ದೇವಾಲಯದ ಬೆಂಚೂ ಕಲ್ಲಿಗಿಂತ ಮೆದುವೇನಲ್ಲ. ಏಣಿ ಮಾತ್ರ ಇನ್ನೂ ಕಂಡಿಲ್ಲ.

ಎಲ್ಲರಿಗಿಂತ ನನಗೆ ಹತ್ತಿರದವನು ಎಲೀಯ. ಕರ್ಮೆಲ್ ಬೆಟ್ಟದಲ್ಲಿ ಬಾಳನ 450 ಪ್ರವಾದಿಗಳನ್ನು ಎದುರಿಸಿದವನು, ಈಜೆಬೆಲಳ ಒಂದು ಬೆದರಿಕೆಗೆ ಅಡವಿಗೆ ಓಡಿ, ಸಾವು ಬರಲೆಂದು ಬೇಡಿ ಮರದಡಿ ಮಲಗಿಬಿಟ್ಟ. ನಮ್ಮ ಸಭೆಯವನೊಬ್ಬ ಹಾಗೆ ಮಲಗಿದ್ದರೆ ನಾಲ್ಕು ಜನ ಹಿರಿಯರು ಹೋಗಿ, ವಾಕ್ಯ ಓದಿ, ಬುದ್ಧಿ ಹೇಳಿ, ಉದ್ದದ ಪ್ರಾರ್ಥನೆಯನ್ನೂ ಮಾಡಿ ಬರುತ್ತಿದ್ದರು. ದೇವದೂತ ಕೊಟ್ಟದ್ದು ಕೆಂಡದಲ್ಲಿ ಸುಟ್ಟ ರೊಟ್ಟಿ, ನೀರು. ತಿಂದು ಎಲೀಯ ಮತ್ತೆ ಮಲಗಿದ. ದೂತ ಬೈಯಲಿಲ್ಲ, ಎರಡನೆಯ ಸಲವೂ ಎಬ್ಬಿಸಿ ಉಣಿಸಿದ. ದೇವರು ಅವನೊಡನೆ ಮನಬಿಚ್ಚಿ ಮಾತಾಡಿದ್ದು ನಲವತ್ತು ದಿನಗಳ ನಡಿಗೆಯ ನಂತರ, ಹೋರೇಬಿನಲ್ಲಿ, ಅದೂ ಮೆಲುದನಿಯಲ್ಲಿ. ಮೈಕಿನ ಸದ್ದು ಏರಿಸುವವರು ಈ ಭಾಗವನ್ನು ಗಮನಿಸಬೇಕು.

ಆದರೆ ಮಂಗಳೂರಿನಲ್ಲಿ ನಿದ್ದೆಯ ಪರ ವಾದಿಸುವುದು ಸುಲಭವಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನಿನವರು ಸುವಾರ್ತೆಯ ಬೆನ್ನಿಗೇ ಅಚ್ಚುಕೂಟ, ನೇಯ್ಗೆ ತಂದರು. 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಹೂಡಿದರು. ದುಡಿಮೆಯೂ ಭಕ್ತಿಯೇ ಎಂದು ಕಲಿತ ಮನೆತನಗಳು ನಮ್ಮವು. ಮಧ್ಯಾಹ್ನ ಮಲಗಬಾರದು ಎಂಬುದು ನಮ್ಮಜ್ಜಿಯ ಲೆಕ್ಕದಲ್ಲಿ ಹನ್ನೊಂದನೆಯ ಆಜ್ಞೆ. ಮೋಶೆ ಹೊತ್ತುತಂದ ಕಲ್ಲಿನಲ್ಲಿ ಅದಕ್ಕೆ ಜಾಗ ಸಾಲಲಿಲ್ಲ, ಅಷ್ಟೆ.

ಹೆಂಡತಿ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವವಳು. ಬಿರುಗಾಳಿಯಲ್ಲೂ ಯೇಸುಸ್ವಾಮಿ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ಒರಗಿ ಮಲಗಿರಲಿಲ್ಲವೇ ಎಂದು ಒಮ್ಮೆ ಅವಳನ್ನು ಕೇಳಿದೆ.

“ಯೋನನೂ ಬಿರುಗಾಳಿಯಲ್ಲಿ ಮಲಗಿದ್ದ. ಅವನು ದೇವರು ಹೇಳಿದ ಕೆಲಸ ಬಿಟ್ಟು ಓಡಿದವ. ಸ್ವಾಮಿ ದಿನವಿಡೀ ಬೋಧಿಸಿ ಮಲಗಿದ್ದು. ನಿಮ್ಮದು ಯಾವ ನಿದ್ದೆ?”

ಶನಿವಾರ ರಾತ್ರಿ ಕ್ರಿಕೆಟ್ ನೋಡಿದವನಿಗೆ ಎರಡೂ ಹೊಂದುವುದಿಲ್ಲ. “ಯೂತಿಕನದು” ಎಂದೆ.

ತ್ರೋವದಲ್ಲಿ ಪೌಲ ನಡುರಾತ್ರಿಯವರೆಗೆ ಮಾತಾಡುತ್ತಿದ್ದಾಗ, ಕಿಟಕಿಯಲ್ಲಿ ಕೂತಿದ್ದ ಈ ಹುಡುಗ ನಿದ್ದೆಹೋಗಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಎತ್ತಿ ನೋಡಿದರೆ ಸತ್ತಿದ್ದ. ಪೌಲ ಇಳಿದು ಬಂದು ತಬ್ಬಿಕೊಂಡ, ಜೀವ ಬಂತು. ಆಮೇಲೆ ಪೌಲ ಮತ್ತೆ ಮೇಲೆ ಹೋಗಿ, ರೊಟ್ಟಿ ಮುರಿದು ತಿಂದು, ಬೆಳಗಾಗುವವರೆಗೂ ಮಾತು ಮುಂದುವರಿಸಿದ! ನಿದ್ದೆ ಹೋದವನನ್ನು ಯಾರೂ ಗದರಿಸಿದಂತಿಲ್ಲ. ಪ್ರಸಂಗ ಮೊಟಕುಗೊಳಿಸಬೇಕೆಂದು ಯಾರಿಗೂ ಹೊಳೆದಂತೆಯೂ ಇಲ್ಲ. ಸಭೆಯ ಈ ಎರಡು ಸಂಪ್ರದಾಯಗಳೂ ಅಪೊಸ್ತಲರ ಕಾಲದವೇ ಎಂಬುದು ಇದರಿಂದ ಸಿದ್ಧವಾಗುತ್ತದೆ.

ದೇವರು ತೂಕಡಿಸುವವನಲ್ಲ, ಮಲಗುವವನೂ ಅಲ್ಲ ಎನ್ನುತ್ತದೆ 121ನೆಯ ಕೀರ್ತನೆ. ಕಾವಲಿಗೆ ಆತನಿರುವಾಗ ನಾವು ನಿಶ್ಚಿಂತೆಯಿಂದ ಮಲಗಬಹುದೆಂದು ಹಿಂದೆ ಅದನ್ನು ಓದಿಕೊಳ್ಳುತ್ತಿದ್ದೆ. ಈಗ ಓದಿದರೆ ಮರುಕವೇ ಮುಂದೆ ಬರುತ್ತದೆ. ಭೂಮಿಯ ಮೇಲಿನ ಅಷ್ಟೂ ದೇವಾಲಯಗಳ ಅಷ್ಟೂ ಪ್ರಸಂಗಗಳನ್ನು, ಮೂರನೆಯ ಅಂಶದ ಕೊನೆಯವರೆಗೆ, ಎಚ್ಚರವಾಗಿದ್ದು ಕೇಳಬೇಕಾದವನು ಆತನೊಬ್ಬನೇ. ದೇವರು ದೀರ್ಘಶಾಂತನು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.