ನಕ್ಷೆಯಲ್ಲಿಲ್ಲದ ಎತ್ತು

“ಮನಿ ಛಲೋ ಆಗೇದ್ರಿ ಸಾಹೇಬ್ರ. ಎತ್ತು ಎಲ್ಲಿ ಕಟ್ಟೂದ್ರಿ?”

“ನಕ್ಷೆಯಲ್ಲಿ ಎತ್ತು ಇಲ್ಲವಲ್ಲ ಯಜಮಾನರೇ!”

“ನಕ್ಷಾ ತೆಗಿಯೂ ಮುಂದ ನಮ್ಮನ್ನ ಕೇಳಿದ್ರ ಇರ್ತಿತ್ರಿ.”

ಮಾತುಕತೆ ಕಲ್ಪಿತ, ಎತ್ತಲ್ಲ. 2009ರ ನೆರೆಯ ಬಳಿಕ ಉತ್ತರ ಕರ್ನಾಟಕದಲ್ಲಿ ಎದ್ದ ‘ಆಸರೆ’ ಪುನರ್ವಸತಿ ಬಡಾವಣೆಗಳಲ್ಲಿ ಎಷ್ಟೋ ಮನೆಗಳು ಖಾಲಿ ಉಳಿದು ಸುತ್ತ ಜಾಲಿ ಬೆಳೆಯಿತು. ಹೊಲ ದೂರ, ಮೇವಿನ ಬಣವೆಗೆ ಜಾಗವಿಲ್ಲ, ದನಕ್ಕೆ ಗ್ವಾದಲಿಯಿಲ್ಲ. ಕಡತದಲ್ಲಿ ಮಾತ್ರ ಕೆಲಸ ‘ಪೂರ್ಣ’. ಕಡತಕ್ಕೇನು, ಅದು ಎತ್ತು ಸಾಕುವುದಿಲ್ಲ. ತೀರ್ಮಾನದ ಮೇಜಿನ ಸುತ್ತ ಗುತ್ತಿಗೆದಾರನಿಗೆ ಕುರ್ಚಿ, ವಾಸಿಸುವವನಿಗೆ ಬೀಗದ ಕೈ ಕೊಡುವ ದಿನದ ಫೋಟೋ.

ಹಾಗಾದರೆ ಮನೆಯ ದುಡ್ಡನ್ನು ವಾಸಿಸುವವರಿಗೇ ಕೊಟ್ಟು ಕಟ್ಟಿಕೊಳ್ಳಲು ಬಿಡಬಹುದಲ್ಲ? “ದುಡ್ಡು ಅವರ ಕೈಗೇ ಕೊಟ್ಟರೆ ಮಗಳ ಮದುವೆ ಮಾಡಿ ಮುಗಿಸುತ್ತಾರೆ” ಎಂಬುದು ಸಾಹೇಬರ ಆಕ್ಷೇಪ. ಅಂಥವರೂ ಇರುತ್ತಾರೆ, ನಿಜ. ಆದರೆ 2001ರ ಭೂಕಂಪದ ನಂತರ ಗುಜರಾತಿನಲ್ಲಿ ಹೆಚ್ಚಿನ ಕುಟುಂಬಗಳು ಸರ್ಕಾರದ ನೆರವಿನಿಂದ ತಾವೇ ಮನೆ ಕಟ್ಟಿಕೊಂಡವು. ಹಣ ಕಂತಿನಲ್ಲಿ ಬಂತು, ತಳಪಾಯ ನೋಡಿದ ಮೇಲೆ ಮುಂದಿನ ಕಂತು, ಭೂಕಂಪ ತಡೆಯುವ ಗೋಡೆ ಕಟ್ಟಲು ಗೌಂಡಿಗಳಿಗೆ ತರಬೇತಿ. ನಂಬಿಕೆಯೂ ಇತ್ತು, ಲೆಕ್ಕವೂ ಇತ್ತು.

“ನೆರೆ ಬಂದಾಗ ಕೇಳುತ್ತ ಕೂರಲು ಪುರಸೊತ್ತೆಲ್ಲಿ?” ಒಪ್ಪೋಣ, ತಾಡಪತ್ರಿ, ಗಂಜಿಗೆ ಯಾರ ಸಲಹೆಯೂ ಬೇಡ. ಊರು ಎಲ್ಲಿರಬೇಕೆಂದು ಕೇಳುವುದಕ್ಕೆ ನೀರಿಳಿದ ಮೇಲೆ ಕಾಲವಿರುತ್ತದೆ. 2009ರ ನಂತರ ಮಲಪ್ರಭಾ ನದಿ ಮತ್ತೆ ದೊಡ್ಡ ಪ್ರಮಾಣದಲ್ಲಿ ಊರುಗಳಿಗೆ ನುಗ್ಗಿದ್ದು 2019ರಲ್ಲಿ. ನಡುವೆ ಹತ್ತು ವರ್ಷವಿತ್ತು.