ಕಿಂಡಿಮೀಮಾಂಸೆ ಅಥವಾ ಹೊಸೂರು ಸೀಮೆಯ ಪಿಂಚಣಿ ಕಚೇರಿಗಳಲ್ಲಿ ಗ್ರಾಹಕ ಸೇವೆಯ ತಾತ್ವಿಕ ನೆಲೆಗಳು

ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ, ತಳಿ, ಅಂಚೆಟ್ಟಿ ಭಾಗದ ವೃದ್ಧರು, ವಿಧವೆಯರು, ಅಂಗವಿಕಲರು ಮತ್ತು ನಿವೃತ್ತ ಕಾರ್ಮಿಕರು ಸರ್ಕಾರಿ ಕಿಂಡಿಯೊಡನೆ ನಡೆಸುವ ಅನುಸಂಧಾನವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮರುನಿರ್ವಚಿಸುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ಸೇವೆ ಎಂಬುದು ಕಿಂಡಿಯ ಒಳಗಿನಿಂದ ಹೊರಗೆ ಹರಿಯುವ ದ್ರವ್ಯವೆಂದು ಪೂರ್ವಸೂರಿಗಳು ಭಾವಿಸಿದ್ದರು. ಇದು ಪೂರ್ವಪಕ್ಷ. ಕ್ಷೇತ್ರಕಾರ್ಯದಿಂದ ಸಿದ್ಧವಾಗುವುದು ಇದಕ್ಕೆ ತದ್ವಿರುದ್ಧ. ಹೊರಗಿನಿಂದ ಒಳಗೆ ಜೆರಾಕ್ಸ್ ಹರಿಯುತ್ತದೆ. ಒಳಗಿನಿಂದ ಹೊರಗೆ ಬರುವುದು ಮುಂದಿನ ದಿನಾಂಕ ಮಾತ್ರ.

ಐತಿಹಾಸಿಕ ನೆಲೆಗಟ್ಟನ್ನು ಸ್ಥೂಲವಾಗಿ ಗುರುತಿಸಿಕೊಳ್ಳೋಣ. ಅಂದಿನ ಮದ್ರಾಸ್ ರಾಜ್ಯ 1962ರಲ್ಲಿ ನಿರ್ಗತಿಕ ಮುದುಕರಿಗೆ ತಿಂಗಳಿಗೆ 20 ರೂಪಾಯಿ ಕೊಡಲು ಶುರುಮಾಡಿದಾಗ ಹೊಸೂರು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿಗೆ ಸೇರಿತು, 2004ರಲ್ಲಿ ಕೃಷ್ಣಗಿರಿಗೆ. ಅಜ್ಜಿ ಜಗಲಿ ಬಿಟ್ಟು ಕದಲದೆಯೇ ಮೂರು ಜಿಲ್ಲೆ ಸುತ್ತಿ ಬಂದಳು. ಇಂದು ತಮಿಳುನಾಡು ಸರ್ಕಾರದ ಮುದಿಯೋರ ಪೆನ್ಷನ್ನು, ಅಂದರೆ ಊರವರ ಬಾಯಲ್ಲಿ ‘ಓಎಪಿ’, 2023ರಿಂದ 1,200 ರೂಪಾಯಿ. ಅದರಲ್ಲಿ ಕೇಂದ್ರ ಸರ್ಕಾರದ ಪಾಲು, ಅರವತ್ತರಿಂದ ಎಪ್ಪತ್ತೊಂಬತ್ತರ ನಡುವಿನವರಿಗೆ, 200 ರೂಪಾಯಿ. ಈ ಇನ್ನೂರು 2006ರ ಸುಮಾರಿಗೆ ನಿಗದಿಯಾದದ್ದು. ಟೊಮೆಟೊ, ಗ್ಯಾಸು, ಬಸ್ ಚಾರ್ಜು ಯಾವುದರ ಮಾತಿಗೂ ಕಿವಿಗೊಡದೆ ಅಂದಿನಿಂದ ಹಾಗೇ ಕೂತಿದೆ. ಕಾರ್ಖಾನೆ ಕಾರ್ಮಿಕರಿಗಿರುವ 1995ರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಮೊತ್ತ 1,000 ರೂಪಾಯಿ. ಅದು 2014ರ ಸೆಪ್ಟೆಂಬರಿನದು. ಕಾಲದ ಹೊಡೆತಕ್ಕೆ ಅಲುಗದ ಇಂಥ ಮೊತ್ತಗಳನ್ನು ಪ್ರಬಂಧಕಾರನು ‘ಸ್ಥಿತಪ್ರಜ್ಞ ಮೊತ್ತ’ ಎಂದು ಕರೆಯಲಿಚ್ಛಿಸುತ್ತಾನೆ. ಈ ಪಾರಿಭಾಷಿಕವನ್ನು ಬಳಸುವವರು ತನ್ನ ಹೆಸರು ನಮೂದಿಸಬೇಕೆಂದೂ ವಿನಂತಿಸುತ್ತಾನೆ.

ಇನ್ನು ಕಿಂಡಿಗಳ ವರ್ಗೀಕರಣ. ಕಿಂಡಿಗಳು ಏಳು ವಿಧ. ಮೊದಲನೆಯದು ಪ್ರತ್ಯಕ್ಷ ಕಿಂಡಿ: ಇದರ ಹಿಂದೆ ಮನುಷ್ಯನಿರುತ್ತಾನೆ, ಆದರೆ ಇದು ಬೇರೆ ಕೆಲಸದ ಕಿಂಡಿ. ಎರಡನೆಯದು ಅನುಮಾನ ಕಿಂಡಿ. ಕುರ್ಚಿಯ ಬೆನ್ನಿಗೆ ಟವೆಲ್ಲು, ಮೇಜಿನ ಮೇಲೆ ಕನ್ನಡಕ, ತಲೆಯ ಮೇಲೆ ತಿರುಗುವ ಫ್ಯಾನು. ಹೊಗೆಯಿಂದ ಬೆಂಕಿಯನ್ನು ಊಹಿಸುವ ನೈಯಾಯಿಕನಂತೆ ಟವೆಲ್ಲಿನಿಂದ ಗುಮಾಸ್ತನನ್ನು ಊಹಿಸಬೇಕು. ಮೂರನೆಯದು ಶಬ್ದ ಕಿಂಡಿ: ‘ಸಾರ್ ಮೀಟಿಂಗಲ್ಲಿದ್ದಾರೆ’ ಎಂಬ ಆಪ್ತವಾಕ್ಯವೇ ಇಲ್ಲಿ ಪ್ರಮಾಣ. ನಾಲ್ಕನೆಯದು ಅದ್ವೈತ ಕಿಂಡಿ. ಇಲ್ಲಿ ಸರ್ವರೊಂದೇ ಸತ್ಯ, ಅದು ಡೌನ್ ಆಗಿರುವಾಗ ಉಳಿದ ಜಗತ್ತೆಲ್ಲ ಮಿಥ್ಯೆ. ಐದನೆಯ ಕಿಂಡಿ ಜೆರಾಕ್ಸ್ ಅಂಗಡಿಯದು. ಅದೊಂದೇ ಸಮಯಕ್ಕೆ ತೆರೆಯುತ್ತದೆ. ಆರು ಮತ್ತು ಏಳನ್ನು ಓದುಗರು ತಮ್ಮ ತಾಲ್ಲೂಕಿನಲ್ಲೇ ಹುಡುಕಿಕೊಳ್ಳಬಹುದು. ನನಗೆ ಅದಕ್ಕಿಂತ ಮುಖ್ಯವಾದ ಕೆಲಸವಿದೆ.

ಅದು ಕಾಲದ ಪ್ರಶ್ನೆ. ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಬಂದು ಕರೆಯುವ ದೆವ್ವ ಅದನ್ನು ಓದಿ ಮರಳಿಹೋಗುತ್ತದೆ, ಮರುದಿನ ಬಂದರೂ ಅದನ್ನೇ ಓದುತ್ತದೆ. ಹಳ್ಳಿಗಳಲ್ಲಿ ಆ ಬರಹ ಅಳಿಸಿಹೋದರೂ ಕಚೇರಿಗಳು ಅದರ ತತ್ತ್ವವನ್ನು ಜತನವಾಗಿ ಉಳಿಸಿಕೊಂಡಿವೆ. ‘ಪಾಟ್ಟಿ, ಸರ್ವರ್ ಇಲ್ಲೆ, ನಾಳೈಕ್ಕಿ ವಾಂಗ’ ಎಂದು ಕಿಂಡಿ ತಮಿಳಿನಲ್ಲಿ ಹೇಳುತ್ತದೆ. ಅಜ್ಜಿ ಕನ್ನಡದಲ್ಲಿ ‘ಆಯ್ತಪ್ಪ’ ಅನ್ನುತ್ತಾಳೆ. ಇದರಲ್ಲಿ ಭಾಷಾ ಸಮಸ್ಯೆ ಏನೂ ಇಲ್ಲ, ಇಬ್ಬರಿಗೂ ಚೆನ್ನಾಗಿ ಅರ್ಥವಾಗಿದೆ. ನನ್ನ ಶಂಕೆ ಬೇರೆ. ‘ನಾಳೆ ಬಾ’ ಎಂದು ದೆವ್ವಕ್ಕೆ ಹೇಳುವ ಮಾತನ್ನು ಪಿಂಚಣಿದಾರಳಿಗೆ ಹೇಳಬೇಕಾದರೆ ಅವಳು ಸತ್ತಿದ್ದಾಳೆ ಎಂಬ ಪೂರ್ವಗ್ರಹಿಕೆ ಎಲ್ಲೋ ಇರಬೇಕಲ್ಲ?

ಇದೆ. ಅದರ ಹೆಸರು ಜೀವನ ಪ್ರಮಾಣ. 2014ರ ನವೆಂಬರಿನಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಕಾರ್ಖಾನೆಯ ಪಿಂಚಣಿದಾರರು ಬದುಕಿರುವುದನ್ನು ವರ್ಷಕ್ಕೊಮ್ಮೆ ಬೆರಳೊತ್ತಿ ಸಾಬೀತುಮಾಡಬೇಕು. ಓಎಪಿಯವರಿಗೆ ಊರಿಗೆ ಬರುವ ಬ್ಯಾಂಕ್ ಪ್ರತಿನಿಧಿಯ ಕೈಯಲ್ಲೂ ಅದೇ ಬೆರಳಿನ ಯಂತ್ರ. ಕೃಷ್ಣಗಿರಿ ಜಿಲ್ಲೆ ಗ್ರಾನೈಟಿನ ಜಿಲ್ಲೆ. ಮೂವತ್ತು ವರ್ಷ ಕಲ್ಲು ಹೊತ್ತವನ, ಪಾಲಿಶ್ ಹಾಕಿದವನ, ಕಳೆ ಕಿತ್ತವಳ ಬೆರಳ ತುದಿಯಲ್ಲಿ ಗೆರೆ ಎಲ್ಲಿಂದ ಬರಬೇಕು? ದುಡಿಯದವನ ಬೆರಳು ಗಾಜಿಗೆ ತಾಗಿದೊಡನೆ ಹಸಿರು ದೀಪ. ದುಡಿದವನ ಬೆರಳಿಗೆ ಕೆಂಪು. 2021ರಲ್ಲಿ ಮುಖ ನೋಡಿ ಗುರುತಿಸುವ ಆ್ಯಪ್ ಬಂತು, ಕಣ್ಣು ಮಿಟುಕಿಸಿದರೆ ಬದುಕಿದ್ದೀರಿ. ಪೊರೆ ಬಂದ ಕಣ್ಣನ್ನು ಯಾವ ತಾಳಕ್ಕೆ ಮಿಟುಕಿಸಬೇಕು ಎಂಬುದನ್ನು ಮೊಮ್ಮಗ ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ಮೊಮ್ಮಗ ಇದ್ದರೆ.

ಈಗ ಮುಖ್ಯ ಸಿದ್ಧಾಂತಕ್ಕೆ ಬರೋಣ. ಶಾಸ್ತ್ರಗ್ರಂಥಗಳಲ್ಲಿ ಉದಾಹರಣೆಗೆ ಯಾವಾಗಲೂ ಒಬ್ಬ ದೇವದತ್ತ ಇರುತ್ತಾನೆ. ಇಲ್ಲಿ ಗಂಗಮ್ಮ ಇರಲಿ. ತಳಿ ಕಡೆಯ ಕನ್ನಡದ ಹೆಂಗಸು. ಅತ್ತಿಬೆಲೆ ದಾಟಿ ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಆರು ವರ್ಷ ಹೊಲಿದಳು. ಅದು ಮುಚ್ಚಿತು. ಗಡಿಯ ಈಚೆ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಐದು ವರ್ಷ ಬಿಡಿಭಾಗ ಜೋಡಿಸಿದಳು. ಎರಡೂ ಕಡೆ ಸಂಬಳದಲ್ಲಿ ಪಿಎಫ್ ಹಿಡಿದರು. ಮಾಲೀಕನ ಪಾಲಿನಿಂದ, ಸಂಬಳದ ನೂರಕ್ಕೆ 8.33ರಂತೆ, ಪಿಂಚಣಿ ನಿಧಿಗೆ ಹೋಯಿತು. ನಿಯಮದ ಪ್ರಕಾರ ಹತ್ತು ವರ್ಷ ಸೇವೆಯಾದರೆ ತಿಂಗಳ ಪಿಂಚಣಿ, ಆಗದಿದ್ದರೆ ಒಂದೇ ಸಲ ಒಂದಿಷ್ಟು ದುಡ್ಡು ಕೊಟ್ಟು ಲೆಕ್ಕ ಚುಕ್ತಾ. ಆರು ಮತ್ತು ಐದು ಹನ್ನೊಂದು. ಗಂಗಮ್ಮ ಗೆದ್ದಳು ಎಂದು ಗಣಿತ ಹೇಳುತ್ತದೆ.

ಗಣಿತಕ್ಕೆ ಗಡಿ ಗೊತ್ತಿಲ್ಲ. ಬೊಮ್ಮಸಂದ್ರದ ಗುಮಾಸ್ತ ಅವಳ ಹೆಸರನ್ನು ಕೇಳಿ ಗಂಗಮ್ಮ ಎಂದೇ ಇಂಗ್ಲಿಷಿನಲ್ಲಿ ಬರೆದ. ಹೊಸೂರಿನವನು ಅವಳ ತಮಿಳು ರೇಷನ್ ಕಾರ್ಡ್ ನೋಡಿ ಬರೆದ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಅಕ್ಷರ ಒಂದೇ, ಅವನು ಓದಿದ್ದು ಕಂಗಮ್ಮ. ಬಸಪ್ಪ ಪಸಪ್ಪನಾಗುವುದು, ದೊಡ್ಡಯ್ಯ ತೊಟ್ಟಯ್ಯನಾಗುವುದು ನಮ್ಮ ಸೀಮೆಯಲ್ಲಿ ಯಾರನ್ನೂ ನೋಯಿಸುವ ವಿಷಯವಲ್ಲ, ನಗುವ ವಿಷಯ. ಆದರೆ ಕಂಪ್ಯೂಟರಿನ ಒಳಗೆ ಈಗ ಇಬ್ಬರು ಹೆಂಗಸರಿದ್ದಾರೆ. ಗಂಗಮ್ಮನಿಗೆ ಆರು ವರ್ಷ, ಕಂಗಮ್ಮನಿಗೆ ಐದು ವರ್ಷ. ಇಬ್ಬರಲ್ಲಿ ಒಬ್ಬಳಿಗೂ ಹತ್ತಾಗಿಲ್ಲ. ಹೊಲಿದ ಕೈ, ಜೋಡಿಸಿದ ಕೈ ಒಂದೇ ಎಂಬುದಕ್ಕೆ ಆ ಕೈಗಳ ಹೊರತು ಬೇರೆ ದಾಖಲೆ ಇಲ್ಲ, ಬೆರಳಂತೂ ಆಗಲೇ ಸವೆದಿದೆ.

ಸುಧಾರಣೆ ಆಗಿಲ್ಲ ಎನ್ನಲಾರೆ. 2014ರಲ್ಲಿ ಎಲ್ಲ ಕೆಲಸಕ್ಕೂ ಸೇರಿ ಒಂದೇ ಸಂಖ್ಯೆ, ಯುಎಎನ್, ಬಂತು. 2025ರ ಜನವರಿಯಿಂದ ಕಾರ್ಖಾನೆ ಪಿಂಚಣಿಯನ್ನು ದೇಶದ ಯಾವ ಬ್ಯಾಂಕ್ ಶಾಖೆಯಲ್ಲಾದರೂ ಪಡೆಯಬಹುದು. ಇದು ನಿಜಕ್ಕೂ ದೊಡ್ಡ ಕೆಲಸ, ಮಾಡಿದವರಿಗೆ ಕೈಮುಗಿಯುತ್ತೇನೆ. ಹೆಸರು ತಿದ್ದುವುದನ್ನೂ ಅದೇ ವರ್ಷ ಸಲೀಸು ಮಾಡಿದರು: 2017ರ ಅಕ್ಟೋಬರ್ 1ರ ನಂತರ ಯುಎಎನ್ ಪಡೆದವರು ಯಾರ ಸಹಿಯೂ ಇಲ್ಲದೆ ತಾವೇ ತಿದ್ದಿಕೊಳ್ಳಬಹುದು. ಅದಕ್ಕಿಂತ ಹಳಬರು ಮಾಲೀಕರ ಒಪ್ಪಿಗೆ ತರಬೇಕು. ಈಗ ಯೋಚಿಸಿ, ಪಿಂಚಣಿಗೆ ಹತ್ತಿರ ಬಂದವರು ಯಾರು, ಹೊಸಬರೋ ಹಳಬರೋ? ಮುಚ್ಚಿದ ಗಾರ್ಮೆಂಟ್ಸಿನ ಮಾಲೀಕ ಎಲ್ಲಿದ್ದಾನೆ? ಅಂಥ ಸಂದರ್ಭಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿಯ ದಾರಿಯೂ ಇದೆಯಂತೆ. ಅಂದರೆ ಇನ್ನೊಂದು ಕಿಂಡಿ. ಅದು ಏಳರಲ್ಲಿ ಯಾವುದೆಂದು ಹೇಳಲು ನನಗೆ ಈಗ ಮನಸ್ಸಿಲ್ಲ.

ಇಂಥ ವಿಷಯದ ಮೇಲೆ ಒಂದು ಕಾರ್ಯಾಗಾರದಲ್ಲಿ ಕೂತಿದ್ದೆ. ನಡೆಸಿದವರ ಹೆಸರು ಬೇಡ. ಪರದೆಯ ಮೇಲೆ ‘ನಾಗರಿಕ-ಕೇಂದ್ರಿತ ಸೇವಾ ವಿತರಣಾ ಪರಿಸರವ್ಯವಸ್ಥೆ’ ಎಂದಿತ್ತು. ಆನಂದ ಸೂಚ್ಯಂಕ, ಸ್ಪರ್ಶಬಿಂದು, ಅಂತ್ಯದಿಂದ ಅಂತ್ಯಕ್ಕೆ ಪಯಣ ಎಂದೆಲ್ಲ ಬಾಣದ ಗುರುತುಗಳು ಓಡಾಡಿದವು. ನಾಗರಿಕ ಸನ್ನದುಗಳು 1997ರಿಂದಲೂ ಗೋಡೆಯ ಮೇಲೆ ಇವೆಯೆಂದು ಒಬ್ಬರು ನೆನಪಿಸಿದರು. ಗೋಡೆಯ ಮೇಲೆಯೇ ಇವೆ, ಸುಳ್ಳಲ್ಲ. ಗ್ರಾಹಕನೇ ದೇವರು ಎಂದು ಇನ್ನೊಬ್ಬರು ಮುಗಿಸಿದರು. ಸಭಾಂಗಣದಲ್ಲಿ ಪಿಂಚಣಿದಾರರು ಒಬ್ಬರೂ ಇರಲಿಲ್ಲ. ಗ್ರಾಹಕನೆಂದರೆ ಈ ಅಂಗಡಿ ಸರಿಯಿಲ್ಲವೆಂದು ಪಕ್ಕದ ಅಂಗಡಿಗೆ ಹೋಗಬಲ್ಲವನು. ಗಂಗಮ್ಮನಿಗೆ ಪಕ್ಕದ ಅಂಗಡಿ ಯಾವುದು, ಹೇಳಿ? ಅವಳು ಕೇಳುತ್ತಿರುವುದು ಸೇವೆಯೂ ಅಲ್ಲ, ತನ್ನದೇ ಕೂಲಿಯ ಬಾಕಿ. ಅದನ್ನು ಹಿಡಿದಿಟ್ಟವನೇ ಅವಳಿಗೆ ನೀನು ಯಾರು, ನೀನು ಇದ್ದೀಯಾ, ನೀನೇ ನೀನೆಂಬುದಕ್ಕೆ ಸಾಕ್ಷಿ ಏನು ಎಂದು ಕೇಳುತ್ತಾನೆ. ಕೂಲಿಯಿಂದ ದುಡ್ಡು ಹಿಡಿಯುವಾಗ ಈ ಯಾವ ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲವಲ್ಲ! ಆಗ ಕಂಗಮ್ಮನೂ ಆಗುತ್ತಿತ್ತು, ಗಂಗಮ್ಮನೂ ಆಗುತ್ತಿತ್ತು.

ಕ್ಷಮಿಸಿ, ಪ್ರಬಂಧದ ಧಾಟಿ ತಪ್ಪಿತು. ವಾಸ್ತುಶಾಸ್ತ್ರೀಯ ಆಯಾಮವೊಂದು ಉಳಿದಿದೆ. ಅಂಗವಿಕಲರ ವಿಭಾಗವನ್ನು ಮೊದಲ ಮಹಡಿಯಲ್ಲಿಟ್ಟ ಕಚೇರಿಯೊಂದು ನನಗೆ ಗೊತ್ತು. ಮೆಟ್ಟಿಲು ಹತ್ತಬಲ್ಲವರು ಅಂಗವಿಕಲರಲ್ಲ, ಹತ್ತಲಾಗದವರು ಅರ್ಜಿದಾರರಲ್ಲ; ತರ್ಕ ಇಷ್ಟು ಶುದ್ಧವಾಗಿ ಬೇರೆಲ್ಲೂ ಕಾಣಸಿಗದು. ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಸರಿಪಡಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳಿತ್ತು. ನಿಯಮಗಳು ಹೊರಟದ್ದು 2017ರ ಜೂನಿನಲ್ಲಿ, ಗಡುವು ಮುಗಿದದ್ದು 2022ರಲ್ಲಿ. ಭಾಷಿಕ ಆಯಾಮವೂ ಒಂದಿದೆ. ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಅಂಚೆಟ್ಟಿಯ ಮುದುಕ ಸೋಮವಾರ ಕಲೆಕ್ಟರ್ ಕಚೇರಿಯ ಕುಂದುಕೊರತೆ ದಿನಕ್ಕೆ ಕನ್ನಡದಲ್ಲೇ ಮನವಿ ಬರೆದು ಕೊಡಬಹುದು. ಕೊಡಲಿ ಎಂದೇ ನನ್ನ ಸಲಹೆ. ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಆ ವಿಧಿ ಹೇಳುವುದಿಲ್ಲ, ಬರಬೇಕೆಂದೂ ಹೇಳುವುದಿಲ್ಲ.

ಶಿಫಾರಸುಗಳ ಭಾಗದಲ್ಲಿ ಟೋಕನ್ ಯಂತ್ರ, ನೀರಿನ ಕ್ಯಾನು, ಮುಗುಳ್ನಗೆ ತರಬೇತಿ ಇತ್ಯಾದಿಗಳನ್ನು ಬರೆದಿದ್ದೆ, ಹರಿದುಹಾಕಿದ್ದೇನೆ. ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಅದು ನನ್ನದಲ್ಲ, ಸರ್ಕಾರದ್ದೇ. 1995ರ ಪಿಂಚಣಿ ಯೋಜನೆಯ ನಿಯಮಗಳಲ್ಲಿ 17ಎ ಎಂಬ ಪ್ಯಾರಾ ಇದೆ. ಎಲ್ಲ ರೀತಿಯಲ್ಲೂ ಪೂರ್ಣವಾದ ಅರ್ಜಿಯನ್ನು ಇಪ್ಪತ್ತು ದಿನದೊಳಗೆ ಇತ್ಯರ್ಥ ಮಾಡಬೇಕು. ಸಕಾರಣವಿಲ್ಲದೆ ತಡವಾದರೆ ನೂರಕ್ಕೆ 12ರಂತೆ ಬಡ್ಡಿ ಹಾಕಬಹುದು, ಆ ಬಡ್ಡಿಯನ್ನು ಪಿಎಫ್ ಕಮಿಷನರ ಸಂಬಳದಿಂದ ಕಳೆಯಬಹುದು. ಇಷ್ಟು ಚೆಂದದ ವಾಕ್ಯವನ್ನು ನಾನು ಯಾವ ಸಾಹಿತ್ಯದಲ್ಲೂ ಓದಿಲ್ಲ. ಅದರ ಬೀಗ ಇರುವುದು ‘ಪೂರ್ಣವಾದ’ ಎಂಬಲ್ಲಿ. ಇವತ್ತು ಹೆಸರಿನ ಕೊರತೆ, ಅದು ಮುಗಿದ ಮೇಲೆ ಹುಟ್ಟಿದ ತಾರೀಕಿನದು, ಆಮೇಲೆ ಬ್ಯಾಂಕ್ ಪಾಸ್‌ಬುಕ್ಕಿನದು. ಅರ್ಜಿ ಎಂದೂ ಪೂರ್ಣವಾಗದು, ಇಪ್ಪತ್ತರ ಎಣಿಕೆ ಎಂದೂ ಶುರುವಾಗದು. ಆದ್ದರಿಂದ ಅರ್ಜಿ ಕೊಟ್ಟ ದಿನವೇ ತಾರೀಕು, ಸೀಲು ಇರುವ ರಸೀದಿ ಕೊಡಿ. ಇರುವ ಕೊರತೆಗಳನ್ನೆಲ್ಲ ಒಂದೇ ಸಲ, ಒಂದೇ ಹಾಳೆಯಲ್ಲಿ, ಅವಳಿಗೆ ಬರುವ ಭಾಷೆಯಲ್ಲಿ ಬರೆದುಕೊಡಿ. ಎರಡನೆಯ ಸಲ ಹೊಸ ಕೊರತೆ ಹುಡುಕುವ ಹಕ್ಕು ಯಾರಿಗೂ ಬೇಡ.

ಕಾರ್ಯಾಗಾರದ ಕೊನೆಯಲ್ಲಿ ಇದನ್ನೇ ಎದ್ದು ಕೇಳಿದೆ: ಆ ಹನ್ನೆರಡು ಪರ್ಸೆಂಟು ಇದುವರೆಗೆ ಯಾರ ಸಂಬಳದಲ್ಲಾದರೂ ಕಡಿತವಾಗಿದೆಯೇ? ಪ್ರಶ್ನೆ ಬಹಳ ಒಳ್ಳೆಯದು, ಆದರೆ ಇವತ್ತಿನ ವಿಷಯದ ವ್ಯಾಪ್ತಿಗೆ ಬರುವುದಿಲ್ಲ ಎಂದರು, ಲಿಖಿತವಾಗಿ ಕೊಡಿ ಎಂದರು. ಕೊಟ್ಟೆ. ರಸೀದಿ ಕೇಳಿದೆ. ಅದಕ್ಕೆ ಬೇರೆ ಸೀಟಂತೆ.