ಆರಡಿ ನಾಲ್ಕಂಗುಲದ ಅಳಿಯ

ನಿವೃತ್ತ ಬ್ಯಾಸ್ಕೆಟ್‌ಬಾಲ್ ಆಟಗಾರನ ಸಂಸಾರ ಬೇರೆ, ಅವನು ಕೋಚ್ ಆಗುವ ಯೋಗ ಬೇರೆ ಎಂದು ನಂಬಿದವರು ಹೊರನಾಡ ಕನ್ನಡ ಮನೆಯಲ್ಲಿ ಒಂದು ಶನಿವಾರವನ್ನೂ ಕಳೆದಿರಲಾರರು. ಅಲ್ಲಿ ಎರಡೂ ಒಂದೇ ವಿಷಯ. ಅವನು ಯಾವ ತಂಡಕ್ಕೆ, ಯಾವ ವಾರ, ಎಷ್ಟು ಹೊತ್ತು ಕೋಚ್ ಎಂಬುದನ್ನು ಹೆಂಡತಿಯ ವೀಸಾ, ಹೆಂಡತಿಯ ಆಫೀಸು ಮತ್ತು ಇವೆರಡನ್ನೂ ಕಳೆದ ಮೇಲೆ ಹೆಂಡತಿಯ ಕ್ಯಾಲೆಂಡರಿನಲ್ಲಿ ಮಿಕ್ಕ ಜಾಗ ತೀರ್ಮಾನಿಸುತ್ತವೆ. ಅವನ ಆಟದ ದಾಖಲೆಯನ್ನು ಯಾರೂ ಕೇಳುವುದಿಲ್ಲ.

ಇದು ಆ ಆಟದ ಮೂಲಪುರುಷನಿಂದಲೇ ನಡೆದುಬಂದ ಪರಂಪರೆ. ಬ್ಯಾಸ್ಕೆಟ್‌ಬಾಲನ್ನು 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಕೂಡ ಹೊರನಾಡಿನವನೇ, ಕೆನಡಾದಿಂದ ಬಂದವನು. ವೈಎಂಸಿಎ ತರಬೇತಿ ಶಾಲೆಯ ಮಹಡಿಯ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿ ಹೊಡೆಸಿದ. ಕಟಕಟೆ 10 ಅಡಿ ಎತ್ತರಕ್ಕಿತ್ತು. ಬುಟ್ಟಿ ಇಂದಿಗೂ 10 ಅಡಿಯಲ್ಲೇ ಇದೆ. ಅದೇ ಊರಿನಲ್ಲಿ ಹೆಂಗಸರು ಆಡಿದ ಮೊಟ್ಟಮೊದಲ ಪಂದ್ಯಗಳಲ್ಲಿ ಮಾಡ್ ಶರ್ಮನ್ ಎಂಬ ಹುಡುಗಿ ಇದ್ದಳು. 1894ರಲ್ಲಿ ಇಬ್ಬರಿಗೂ ಮದುವೆಯಾಯಿತು. ದಾಂಪತ್ಯ ನೆಟ್ಟಗೆ ನಡೆಯಿತು, ಐದು ಮಕ್ಕಳಾದರು. ನೆಟ್ಟಗೆ ನಡೆಯದದ್ದು ಕೋಚ್‌ಗಿರಿ. 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಒಂಬತ್ತು ಋತು ತಂಡ ನಡೆಸಿದ ನೈಸ್ಮಿತ್ 55 ಪಂದ್ಯ ಗೆದ್ದು 60 ಸೋತ. ಆ ವಿಶ್ವವಿದ್ಯಾಲಯದ ಕೋಚುಗಳ ಪೈಕಿ ಗೆದ್ದುದಕ್ಕಿಂತ ಹೆಚ್ಚು ಸೋತವನು ಆಟ ಕಂಡುಹಿಡಿದ ಆತನೊಬ್ಬನೇ. ಈ ಆಟ ಆಡುವುದಕ್ಕಿರುವುದು, ಕಲಿಸುವುದಕ್ಕಲ್ಲ ಎಂದು ಆತ ಶಿಷ್ಯ ಫಾಗ್ ಆಲೆನ್‌ಗೆ ಹೇಳಿದ್ದನೆಂದು ಪ್ರತೀತಿ. ಶಿಷ್ಯ ಗುರುವಾಕ್ಯ ಮೀರಿ ಅಲ್ಲೇ ಕೋಚ್ ಆಗಿ 590 ಪಂದ್ಯ ಗೆದ್ದ. ಈಗ ಅಲ್ಲಿಯ ಕ್ರೀಡಾಂಗಣದ ಕಟ್ಟಡಕ್ಕೆ ಆಲೆನ್ ಹೆಸರು, ಒಳಗಿನ ನೆಲಕ್ಕೆ ನೈಸ್ಮಿತ್ ಹೆಸರು. ಗುರುವಿನ ಮೇಲೆ ದಿನವೂ ಚೆಂಡು ಪುಟಿಯುತ್ತದೆ.

ಆಮೇಲಿನ ಇತಿಹಾಸವೂ ಚೆನ್ನಾಗಿ ಆಡಿದವರ ಪಕ್ಷ ವಹಿಸಿಲ್ಲ. ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎಯಲ್ಲಿ ಲೇಕರ್ಸ್ ತಂಡಕ್ಕೆ ಐದು ಪ್ರಶಸ್ತಿ ತಂದುಕೊಟ್ಟ ಮ್ಯಾಜಿಕ್ ಜಾನ್ಸನ್ 1994ರಲ್ಲಿ ಅದೇ ತಂಡಕ್ಕೆ 16 ಪಂದ್ಯಗಳ ಮಟ್ಟಿಗೆ ಕೋಚ್ ಆಗಿ 5 ಗೆದ್ದು, 11 ಸೋತು, ಸಾಕಪ್ಪಾ ಎಂದು ಎದ್ದ. ಅತ್ತ ಎನ್‌ಬಿಎ ಕೋಚುಗಳಲ್ಲಿ ಹೆಸರು ಮಾಡಿದ ಗ್ರೆಗ್ ಪೊಪೊವಿಚ್, ಎರಿಕ್ ಸ್ಪೋಲ್‌ಸ್ಟ್ರಾ ಇಬ್ಬರೂ ಎನ್‌ಬಿಎಯಲ್ಲಿ ಒಂದು ನಿಮಿಷವೂ ಆಡಿದವರಲ್ಲ. ಹೊರನಾಡಿನ ಭಾರತೀಯ ಅಪ್ಪಂದಿರ ಪೈಕಿ ಕೋಚ್‌ಗಿರಿಯಲ್ಲಿ ಜಗತ್ಪ್ರಸಿದ್ಧರಾದವರು ಮುಂಬಯಿಯಲ್ಲಿ ಹುಟ್ಟಿದ ವಿವೇಕ್ ರಣದಿವೆ. ಅವರಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತೇ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಗಳ ತಂಡಕ್ಕೆ ಕೋಚ್ ಆಗಬೇಕಾಗಿ ಬಂದಾಗ, ಅಂಕ ಹೊಡೆದ ಕೂಡಲೇ ಎಲ್ಲರೂ ಮುಕ್ಕಾಲು ಅಂಗಳವನ್ನು ಎದುರಾಳಿಗೆ ಬಿಟ್ಟುಕೊಟ್ಟು ಯಾಕೆ ಹಿಂದಕ್ಕೋಡುತ್ತಾರೆಂದು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದ ಹನ್ನೆರಡು ವರ್ಷದ ಹುಡುಗಿಯರಿಗೆ ಇಡೀ ಅಂಗಳದುದ್ದಕ್ಕೂ ಎದುರಾಳಿಯನ್ನು ಅಟ್ಟಿಕೊಂಡು ಹೋಗಲು ಹೇಳಿದರು. ತಂಡ ರಾಷ್ಟ್ರಮಟ್ಟದ ಪಂದ್ಯಾವಳಿ ಮುಟ್ಟಿತು. 2013ರಲ್ಲಿ ಅವರು ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್ ತಂಡವನ್ನೇ ಕೊಂಡುಕೊಂಡರು. ಆಟ ಬಲ್ಲವನ ಪಾಲಿಗೆ ಇದಕ್ಕಿಂತ ಹೊಟ್ಟೆಯುರಿಯ ಕಥೆ ಇನ್ನೊಂದಿಲ್ಲ.

ಕರ್ನಾಟಕದಲ್ಲಿ ಈ ಆಟಗಾರ ಹೇಗೆ ತಯಾರಾಗುತ್ತಾನೆಂಬುದನ್ನು ನೋಡಲು ದೊಡ್ಡಬಳ್ಳಾಪುರ ತಾಲ್ಲೂಕು ಮಧುರೆ ಹೋಬಳಿಯಿಂದ ಹೊರಟ ಒಬ್ಬನನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಹುಡುಗ ಮನೆಯ ತೊಲೆಗೆ ತಲೆ ಹೊಡೆಸಿಕೊಳ್ಳುವಷ್ಟು ಬೆಳೆದಿರುತ್ತಾನೆ. ಪಿ.ಟಿ. ಮೇಷ್ಟ್ರು ಅವನನ್ನು ವಿದ್ಯಾನಗರದ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕಳಿಸುತ್ತಾರೆ. ಅಲ್ಲಿಂದ ಕಾಲೇಜು ತಂಡ, ರಾಜ್ಯ ತಂಡ, ಕಂಠೀರವ ಒಳಾಂಗಣದಲ್ಲಿ ಕೆಲವು ಪಂದ್ಯ. ಕೊನೆಗೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆಯೋ ಬ್ಯಾಂಕೋ. ವಿಜಯ ಬ್ಯಾಂಕಿಗೆ ಒಂದು ಕಾಲದಲ್ಲಿ ಒಳ್ಳೆಯ ತಂಡವಿತ್ತು. 2019ರಲ್ಲಿ ಬ್ಯಾಂಕೇ ಬ್ಯಾಂಕ್ ಆಫ್ ಬರೋಡದೊಳಗೆ ಸೇರಿಹೋಯಿತು. ಮಂಡಿ ಕೈಕೊಟ್ಟ ಮೇಲೆ ಆಟಗಾರ ಕೌಂಟರಿನಲ್ಲಿ ಕೂರುತ್ತಾನೆ. ಅದಕ್ಕೇ ನಿವೃತ್ತಿ ಎಂದು ಹೆಸರು. ವಯಸ್ಸು ಮೂವತ್ತೆರಡು.

ಮದುವೆ ಮಾತುಕತೆಯಲ್ಲಿ ಬ್ಯಾಸ್ಕೆಟ್‌ಬಾಲಿನ ಪ್ರಸ್ತಾಪ ಬರುವುದು ಒಂದೇ ಕಾರಣಕ್ಕೆ: ಹುಡುಗ ಯಾಕೆ ಅಷ್ಟುದ್ದ ಎಂಬುದಕ್ಕೆ ಸಮಜಾಯಿಷಿಯಾಗಿ. ‘ಹುಡ್ಗ ಏನ್ ಮಾಡ್ಕೊಂಡವ್ನೆ?’ ಎಂದರೆ ‘ಬ್ಯಾಂಕ್‌ನಾಗವ್ನೆ’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ರಾಜ್ಯ ತಂಡದ ಸರ್ಟಿಫಿಕೇಟುಗಳ ಫೈಲನ್ನು ಹುಡುಗ ತಾನಾಗಿ ತಂದು ಇಟ್ಟರೆ ಬೀಗರು ಕಾಫಿ ಲೋಟ ಇಡಲು ಜಾಗವಿಲ್ಲವೆಂದು ಪಕ್ಕಕ್ಕೆ ಸರಿಸುತ್ತಾರೆ. ಹುಡುಗಿ ಯಲಹಂಕದ ಕಡೆಯವಳು, ಇಂಜಿನಿಯರು, ಐದಡಿ ಎರಡಂಗುಲ. ಧಾರೆಯ ದಿನ ಬಾಸಿಂಗ ಕಟ್ಟಲು ಸೋದರಮಾವ ಸ್ಟೂಲು ಹತ್ತಬೇಕಾಗುತ್ತದೆ. ಹಾರ ಹಾಕುವಾಗ ಹುಡುಗನ ಗೆಳೆಯರು ಸಂಪ್ರದಾಯದಂತೆ ಅವನನ್ನು ಇನ್ನಷ್ಟು ಮೇಲೆತ್ತುತ್ತಾರೆ. ಹುಡುಗಿ ಎರಡು ಕ್ಷಣ ನೋಡಿ, ನಿಂತಲ್ಲಿಂದಲೇ ಹಾರವನ್ನು ಎಸೆಯುತ್ತಾಳೆ, ಅದು ಸರಿಯಾಗಿ ಕೊರಳಿಗೆ ಬೀಳುತ್ತದೆ. ಗುರಿಯಿರುವ ಕೈ ಯಾರದೆಂಬುದು ಮುಹೂರ್ತದಲ್ಲೇ ಇತ್ಯರ್ಥವಾಗುತ್ತದೆ. ಛತ್ರದಲ್ಲಿ ಆ ಎಸೆತಕ್ಕೆ ಸಿಕ್ಕಷ್ಟು ಚಪ್ಪಾಳೆ ಹುಡುಗನಿಗೆ ಕಂಠೀರವದಲ್ಲೂ ಸಿಕ್ಕಿರುವುದಿಲ್ಲ.

ಹುಡುಗಿಗೆ ಅಮೆರಿಕದಲ್ಲಿ ದುಡಿಯುವ ಎಚ್-1ಬಿ ವೀಸಾ ಬಂದಾಗ ಹುಡುಗನಿಗೆ ಅವಳ ಗಂಡನೆಂಬ ಲೆಕ್ಕದಲ್ಲಿ ಎಚ್-4 ಬರುತ್ತದೆ. ಬ್ಯಾಂಕಿನಲ್ಲಿ ಸಂಬಳವಿಲ್ಲದ ರಜೆ ಹಾಕಿ, ಅದು ಮುಗಿದ ಮೇಲೆ ರಾಜೀನಾಮೆ ಬರೆದು, ಆಟಗಾರ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ಬಂದಿಳಿಯುತ್ತಾನೆ. ಎಚ್-4ರ ಮೇಲೆ ದುಡಿದು ಸಂಬಳ ತೆಗೆದುಕೊಳ್ಳುವಂತಿಲ್ಲ. 2015ರ ಮೇ ತಿಂಗಳಿಂದ ಜಾರಿಗೆ ಬಂದ ನಿಯಮದಂತೆ ಕೆಲವರಿಗೆ ಕೆಲಸದ ಪರವಾನಗಿ ಸಿಗುವುದುಂಟು. ಅದಕ್ಕೆ ಹೆಂಡತಿಯ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿರಬೇಕು. ಗ್ರೀನ್ ಕಾರ್ಡ್ ಕೈಗೆ ಬರುವುದು ಮಾತ್ರ ದೂರದ ಮಾತು. ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷ ಮೀರಿ ನಿಂತಿದೆ. ಮಧುರೆಯ ತಾಯಿಗೆ ಇದನ್ನು ವಿವರಿಸುವುದು ಕಷ್ಟ. ಅಲ್ಲಿ ಪಕ್ಕದಲ್ಲೇ ಚಿಕ್ಕಮಧುರೆ ಶನಿಮಹಾತ್ಮನ ಗುಡಿ. ಶನಿವಾರ ಶನಿವಾರ ಎಳ್ಳುಬತ್ತಿ ಹಚ್ಚಲು ಸುತ್ತಲ ತಾಲ್ಲೂಕುಗಳಿಂದ ಜನ ಬರುತ್ತಾರೆ. ‘ಶನಿಮಹಾತ್ಮನೇ ಏಳೂವರೆ ವರ್ಷಕ್ಕೆ ಬಿಟ್ಬುಡ್ತಾನೆ. ಅದ್ಯಾವ ದ್ಯಾವ್ರಪ್ಪಾ ಹತ್ತು ಹದಿನೈದ್ ವರ್ಷ ಹಿಡ್ಕಂಡು ಕೂರೋದು?’ ಎಂದು ಆಕೆ ಕೇಳಿದರೆ ಅಮೆರಿಕದ ವಲಸೆ ಇಲಾಖೆಯಲ್ಲೂ ಉತ್ತರವಿಲ್ಲ.

ಸಂಬಳವಿಲ್ಲದ್ದು ಏನಾದರೂ ಮಾಡಬಹುದಷ್ಟೆ. ಅಮೆರಿಕದ ಮಕ್ಕಳ ಲೀಗುಗಳು ನಿಂತಿರುವುದೇ ಬಿಟ್ಟಿ ದುಡಿಯುವ ಅಪ್ಪ ಅಮ್ಮಂದಿರ ಮೇಲೆ. ಹೀಗೆ ಮಗನಿಗೆ ಏಳು ತುಂಬಿದ ವರ್ಷ ಆಟಗಾರ ಕೋಚ್ ಆಗುತ್ತಾನೆ. ಮೊದಲು ಹಿನ್ನೆಲೆ ಪರಿಶೀಲನೆ. ಆಮೇಲೆ ತಲೆಗೆ ಪೆಟ್ಟು ಬಿದ್ದ ಮಗುವನ್ನು ಹೇಗೆ ನೋಡಿಕೊಳ್ಳಬೇಕು, ಮಕ್ಕಳೊಡನೆ ಹೇಗೆ ವರ್ತಿಸಬೇಕು ಎಂಬ ಆನ್‌ಲೈನ್ ಪಾಠಗಳು. ಬ್ಯಾಸ್ಕೆಟ್‌ಬಾಲ್ ಬರುತ್ತದೆಯೇ ಎಂಬ ಪ್ರಶ್ನೆ ಯಾವ ಫಾರಮ್ಮಿನಲ್ಲೂ ಇರುವುದಿಲ್ಲ.

ಆ ವಯಸ್ಸಿನ ಮಕ್ಕಳಿಗೆ ಬುಟ್ಟಿಯನ್ನು 8 ಅಡಿಗೆ ಇಳಿಸಿರುತ್ತಾರೆ, ಚೆಂಡು ಐದನೇ ಅಳತೆಯದು. ಕೋಚ್ ನಿಂತಲ್ಲೇ ಕೈಯೆತ್ತಿ ರಿಂಗು ಹಿಡಿಯುತ್ತಾನೆ. ಮಕ್ಕಳಿಗೆ ಅವನ ಮೇಲೆ ಗೌರವ ಹುಟ್ಟುವುದು ಅದೊಂದರಿಂದಲೇ. ಅಪ್ಪಂದಿರಿಗೆ ಅದರಿಂದಲೂ ಹುಟ್ಟುವುದಿಲ್ಲ. ಶನಿವಾರ ಬೆಳಗ್ಗೆ 9ಕ್ಕೆ ಪಂದ್ಯ. ಐವರಲ್ಲಿ ಒಬ್ಬ ಶೂ ಲೇಸು ಕಟ್ಟುತ್ತಿರುತ್ತಾನೆ, ಒಬ್ಬ ಅಮ್ಮನಿಗೆ ಟಾಟಾ ಮಾಡುತ್ತಿರುತ್ತಾನೆ, ಚೆಂಡು ಸಿಕ್ಕಿದವನು ತನ್ನದೇ ಬುಟ್ಟಿಯ ಕಡೆ ಓಡುತ್ತಿರುತ್ತಾನೆ. ಕೋಚ್ ಕಲಿತ ಇಂಗ್ಲಿಷೆಲ್ಲ ಆ ಗಳಿಗೆಯಲ್ಲಿ ಕೈಕೊಟ್ಟು ‘ಆ ಕಡೆ ಅಲ್ವೋ! ಬಾರೋ, ಬಾರೋ!’ ಎಂಬ ಕನ್ನಡವೇ ಹೊರಬೀಳುತ್ತದೆ. ಋತುವಿನ ಕೊನೆಗೆ ಚೀನೀ, ಮೆಕ್ಸಿಕನ್, ತೆಲುಗು ಮಕ್ಕಳೆಲ್ಲ ‘ಬಾರೋ’, ‘ಹಿಡ್ಕೋ’, ‘ಬಿಡೋ’ ಎಂಬ ಮೂರನ್ನೂ ವ್ಯಾಕರಣ ತಪ್ಪದೆ ಬಳಸುತ್ತಿರುತ್ತಾರೆ. ಕೋಚಿನ ಸ್ವಂತ ಮಗ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಎರಡು ವರ್ಷದಿಂದ ‘ಅ’ ತಿದ್ದುತ್ತಿದ್ದಾನೆ.

ಗ್ಯಾಲರಿಯಲ್ಲಿ ಪಕ್ಕ ಕುಳಿತ ಅಪ್ಪ ಯಾರಾದರೂ ಇಂಡಿಯಾದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆಯೇ ಎಂದು ಸೌಜನ್ಯಕ್ಕೆ ಕೇಳುವುದುಂಟು. 1980ರ ಮಾಸ್ಕೋ ಒಲಿಂಪಿಕ್ಸಿಗೆ ಭಾರತದ ತಂಡ ಹೋಗಿತ್ತೆಂದು ಕೋಚ್ ಹೇಳುತ್ತಾನೆ. ಎಷ್ಟು ಗೆದ್ದಿತೆಂದು ಅವರು ಕೇಳುವುದಿಲ್ಲ, ಇವನು ಹೇಳುವುದಿಲ್ಲ. (ಒಂದೂ ಇಲ್ಲ.) 2017ರಲ್ಲಿ ನಮ್ಮ ಹೆಣ್ಣುಮಕ್ಕಳು ಬೆಂಗಳೂರಿನಲ್ಲೇ ಏಷ್ಯಾ ಕಪ್‌ನ ಎರಡನೇ ವಿಭಾಗ ಗೆದ್ದರಲ್ಲ, ಅದನ್ನು ಮಾತ್ರ ಗಟ್ಟಿ ದನಿಯಲ್ಲಿ ಹೇಳುತ್ತಾನೆ.

ಕೋಚ್‌ಗಿರಿಯ ಕಠಿಣ ಭಾಗ ತಿಂಡಿ. ಪಂದ್ಯ ಮುಗಿದ ಮೇಲೆ ಮಕ್ಕಳಿಗೆ ತಿನ್ನಲು ಕೊಡುವ ಸರದಿ ಪ್ರತಿ ಮನೆಗೂ ಬರುತ್ತದೆ, ಕಡಲೆಕಾಯಿ ಮಾತ್ರ ಕೂಡದು. ಅದು ಮೈಗಾಗದ ಮಕ್ಕಳಿರುತ್ತಾರೆ. ಈ ಒಂದು ಕಟ್ಟಳೆಯಿಂದ ಚಿತ್ರಾನ್ನ, ನಿಪ್ಪಟ್ಟು, ಚಿಕ್ಕಿ, ಸಂಕ್ರಾಂತಿಯ ಎಳ್ಳುಬೆಲ್ಲ ಎಲ್ಲವೂ ಆಟದಿಂದ ಹೊರಗೆ. ಉಳಿಯುವುದು ಕೋಡುಬಳೆ. ಆರು ತಿಂಗಳಿಗೆಂದು ಬಂದ ಅತ್ತೆ ಶುಕ್ರವಾರ ರಾತ್ರಿ ಹೊಗೆಯ ಅಲಾರಂ ಹೊಡೆಯುವವರೆಗೂ ಕೂತು ಕರಿಯುತ್ತಾರೆ. ಮಾರನೆಯ ದಿನ ಗ್ಯಾಲರಿಯಿಂದ ಅವರ ಅಹವಾಲು ಬೇರೆ: ‘ಏನೇ, ಚೋಟುದ್ದ ಹುಡುಗ್ರೆಲ್ಲ ಅಳಿಯಂದ್ರನ್ನ ಕೋಚ್ ಕೋಚ್ ಅಂತಾವೆ, ಮರ್ಯಾದೆಗೊಂದು ಅಂಕಲ್ ಅನ್ನಬಾರದಾ?’

ಲೀಗಿನ ನಿಯಮದಂತೆ ಎಲ್ಲ ಮಕ್ಕಳನ್ನೂ ಸಮ ಸಮ ಹೊತ್ತು ಆಡಿಸಬೇಕು, ಕೋಚಿನ ಮಗನೂ ಸರದಿಯಂತೆ ಬೆಂಚಿನಲ್ಲಿ ಕೂರಬೇಕು. ಎನ್‌ಬಿಎಯಲ್ಲಿ ಸ್ವಂತ ಮಗನಿಗೆ ಕೋಚ್ ಆದ ಮೊದಲಿಗ ಡಾಕ್ ರಿವರ್ಸ್, 2015ರಲ್ಲಿ. ಆತನ ಮಗ ಬೆಂಚಿನಲ್ಲಿ ಕೂತಾಗ ಅಜ್ಜಿಗೆ ಫೋನು ಮಾಡಿದ ದಾಖಲೆಯಿಲ್ಲ. ಮಧುರೆಯ ಮೊಮ್ಮಗ ಮಾಡುತ್ತಾನೆ. ಕ್ಯಾಲಿಫೋರ್ನಿಯಾದ ಚಳಿಗಾಲದ ಬೆಳಗಿನ 10 ಗಂಟೆಯೆಂದರೆ ಮಧುರೆಯಲ್ಲಿ ರಾತ್ರಿ ಹನ್ನೊಂದೂವರೆ. ಎಳ್ಳುಬತ್ತಿ ಹಚ್ಚಿ ಬಂದು ಎದ್ದೇ ಕೂತ ಅಜ್ಜಿ ಕೂಡಲೇ ವಿಚಾರಣೆಗೆ ತೊಡಗುತ್ತಾಳೆ: ‘ಹೆತ್ತ ಮಗನ್ನ ಕೂರ್ಸಿ ಊರ್ ಮಕ್ಳುನ್ನ ಆಡುಸ್ತೀಯೇನೋ?’ ಹಿಂದಿನಿಂದ ಅಪ್ಪನ ದನಿ: ‘ಬ್ಯಾಂಕ್ ಕೆಲ್ಸ ಬುಟ್ಟು ಅಲ್ಲಿ ಮಕ್ಳ್ ಜತೆ ಚೆಂಡಾಡ್ಕಂಡವ್ನಾ?’ ಕೋಚ್ ಉತ್ತರಿಸುವ ಮೊದಲೇ ಹೆಂಡತಿಯ ಮೆಸೇಜು ಬಂದಿರುತ್ತದೆ: ‘ರೀ, ಇವತ್ತು ಆಫೀಸಲ್ಲಿ ನನ್ನ ರಿಲೀಸ್ ಇದೆ. ಹಾಗೇ ಕಾಸ್ಟ್‌ಕೋಗೆ ಹೋಗಿ ಹಾಲು ತನ್ನಿ. ರೆಫರಿ ಹತ್ರ ಜಗಳ ಆಡ್ಬೇಡಿ, ಅವನು ಹೈಸ್ಕೂಲ್ ಹುಡುಗ.’ ಗ್ಯಾಲರಿಯಲ್ಲಿಲ್ಲದಿದ್ದರೂ ಗಂಡ ಯಾವ ಕ್ಷಣದಲ್ಲಿ ರೇಗುತ್ತಾನೆಂದು ಕರಾರುವಾಕ್ಕಾಗಿ ಹೇಳಬಲ್ಲ ಈಕೆ ಕೋಚ್ ಆಗಿದ್ದರೆ ತಂಡ ಮೇಲೆ ಬರುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ.

ಮುಂದಿನ ಮೆಟ್ಟಿಲು ಹೈಸ್ಕೂಲು ತಂಡ. ಅಲ್ಲಿ ಋತುವಿಗಿಷ್ಟು ಎಂದು ಹಣ ಕೊಡುತ್ತಾರೆ. ಬೆರಳಚ್ಚು, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು, ಕೋಚಿಂಗಿನ ಒಂದು ಕೋರ್ಸು ಬೇಕು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದ್ದರೆ ಅವರು ಅದನ್ನು ಕುತೂಹಲದಿಂದ ನೋಡಿ ಹಿಂದಕ್ಕೆ ಕೊಡುತ್ತಾರೆ. ಕೆಲಸದ ಪರವಾನಗಿ ಇಲ್ಲದವನಿಗೆ ಈ ಮೆಟ್ಟಿಲು ಇಲ್ಲ. ಪರವಾನಗಿ ಬಂದ ದಿನವೇ ಕನ್ನಡ ಕೂಟದ ಹಿತೈಷಿಗಳು ಮನೆಗೆ ಬಂದು, ಆರಡಿ ನಾಲ್ಕಂಗುಲದ ಮನುಷ್ಯನನ್ನು ಸೋಫಾದಲ್ಲಿ ಕೂರಿಸಿ, ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯಲು ಹೇಳುತ್ತಾರೆ. ಬಹುಪಾಲು ಜನ ಕಲಿಯುತ್ತಾರೆ. ಅಷ್ಟರಲ್ಲಿ ಮಗನೂ ಬ್ಯಾಸ್ಕೆಟ್‌ಬಾಲ್ ಬಿಟ್ಟು ರೊಬೊಟಿಕ್ಸ್ ಸೇರಿರುತ್ತಾನೆ, ಅಲ್ಲಿಯೂ ಬಿಟ್ಟಿ ಕೋಚ್ ಬೇಕಾಗಿರುತ್ತಾರೆ, ಮತ್ತು ಆ ಕೆಲಸ ಹೆಂಡತಿಗೆ ಬರುತ್ತದೆ.

ಇನ್ನುಳಿದ ದಾರಿ ಊರಿಗೆ ಹಿಂತಿರುಗಿ ಅಕಾಡೆಮಿ ತೆರೆಯುವುದು. ಅಂತರರಾಷ್ಟ್ರೀಯ ಅಳತೆಯ ಅಂಗಳ 28 ಮೀಟರು ಉದ್ದ, 15 ಮೀಟರು ಅಗಲ. ಸುತ್ತ 2 ಮೀಟರು ಖಾಲಿ ಬಿಟ್ಟರೆ 608 ಚದರ ಮೀಟರು, ಅಂದರೆ ಹೆಚ್ಚುಕಡಿಮೆ ಆರು ಗುಂಟೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಸೀಮೆಯಲ್ಲಿ ಆರು ಗುಂಟೆಯ ಮಾತು ಆಡುವ ಮುನ್ನ ಜನ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಾರೆ. ರಾಗಿ ಹೊಲದಲ್ಲಿ ಅಂಗಳ ಮಾಡಬೇಕಾದರೆ ಕನ್ವರ್ಷನ್ ಆಗಬೇಕು, ಕನ್ವರ್ಷನ್‌ಗೆ ಪಹಣಿ ಮಗನ ಹೆಸರಿಗೆ ಬರಬೇಕು, ಬರಬೇಕಾದರೆ ಪಾಲಾಗಬೇಕು, ಪಾಲಿಗೆ ತಮ್ಮ ಒಪ್ಪಬೇಕು. ತಮ್ಮನಿಗೆ ಬ್ಯಾಸ್ಕೆಟ್‌ಬಾಲಿನ ಬಗ್ಗೆ ತಕರಾರೇನಿಲ್ಲ. ರಸ್ತೆ ಕಡೆಯ ಆರು ಗುಂಟೆ ಮಾತ್ರ ತನಗೇ ಬೇಕು ಎನ್ನುತ್ತಾನೆ.